ರತ್ನಾ ಮೇಡಮ್ಮನ ಪೂರ್ವಪಕ್ಷ

ಅರಸೀಕೆರೆಯ ಡಿಗ್ರಿ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ತರ್ಕಶಾಸ್ತ್ರ ಹೇಳಿಕೊಟ್ಟ ರತ್ನಾ, ಯುರೋಪಿನ ಕಾರ್ಕ್ ನಗರದ ಪೂರ್ವದಂಚಿನ ಒಂದು ಸೂಪರ್‌ಮಾರ್ಕೆಟ್ಟಿನ ಸಿದ್ಧ ತಿಂಡಿ ಮಾರುವ ಡೆಲಿ ಕೌಂಟರಿನಲ್ಲಿ ಬ್ರೆಡ್ ರೋಲ್ ತುಂಬುವ ಕೆಲಸಕ್ಕೆ ಸೇರಿದಾಗ ಅವಳನ್ನು ಬಲ್ಲವರೆಲ್ಲ ಮರುಗಿದರು. ಅವಳು ಮರುಗಲಿಲ್ಲ. "ಬೆಣ್ಣೆ ಅಥವಾ ಮೇಯೋ ಅಂತ ಕೇಳ್ತೀನಿ. ಎರಡೂ ಹಾಕಮ್ಮ ಅಂತಾರೆ. ಬೋರ್ಡ್ ಮೇಲೆ ಬರೆದೂ ಬರೆದೂ ನನ್ನ ಹುಡುಗರಿಗೆ ಅರ್ಥ ಆಗದ 'ಅಥವಾ' ಇಲ್ಲಿ ಲಾರಿ ಡ್ರೈವರಿಗೆ ಗೊತ್ತು ನೋಡಿ" ಎಂದು ಗಂಡನಿಗೆ ಹೇಳಿ ನಗುತ್ತಿದ್ದಳು.

ಗಂಡ ಮಹಾದೇವ ಅಲ್ಲೇ ಹತ್ತಿರದ ಲಿಟಲ್ ಐಲ್ಯಾಂಡಿನ ಒಂದು ಔಷಧ ಕಾರ್ಖಾನೆಯಲ್ಲಿ ಯಂತ್ರಗಳ ಸಾಫ್ಟ್‌ವೇರ್ ತಪಾಸಣೆ ಮಾಡುವವನು. ವರ್ಕ್ ಪರ್ಮಿಟ್ ಮೇಲೆ ಬಂದು ಆರು ವರ್ಷವಾಗಿತ್ತು. ಯಾರ ಕಣ್ಣಿಗೂ ಬೀಳದಂತೆ ಬದುಕುವುದೇ ಕ್ಷೇಮ ಎಂದು ನಂಬಿದವನು. ಮಗಳು ಗಗನಾ ನಾಲ್ಕು ವರ್ಷದವಳಾಗಿ ಬಂದವಳು, ಈಗ ಹತ್ತು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಅಪ್ಪಟ ಕಾರ್ಕ್ ಧಾಟಿಯ ಇಂಗ್ಲಿಷಿನಲ್ಲಿ.

ಒಂದು ಜನವರಿಯಲ್ಲಿ ಊರಿನ ಲೈಬ್ರರಿಯ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಕ್ರೈಸ್ತಮತದ ಮೊದಲ ಶತಮಾನಗಳಲ್ಲಿ ತಮ್ಮ ನಂಬಿಕೆಯ ಪರವಾಗಿ ವಾದಿಸಿದ ತತ್ವಜ್ಞಾನಿಗಳ ಕುರಿತು ಪಾಠ. ಹದಿನಾರು ಶನಿವಾರ ಬೆಳಿಗ್ಗೆ. ಯಾರು ಬೇಕಾದರೂ ಬರಬಹುದು. ರತ್ನಾಳಿಗೆ ಅಲ್ಲೇ ನಿಂತು ನೆನಪಾಯಿತು: ಅವಳ ಕಾಲೇಜಿನ ಸಿಲಬಸ್ಸಿನಲ್ಲಿ ಗ್ರೀಕರು ಮುಗಿದ ಕೂಡಲೇ ಸಾವಿರದ ಐನೂರು ವರ್ಷ ಒಂದೇ ನೆಗೆತಕ್ಕೆ ದಾಟಿ ಯುರೋಪಿನ ಆಧುನಿಕರು ಬಂದುಬಿಡುತ್ತಿದ್ದರು. ನಡುವಿನವರು ಏನು ಹೇಳಿದರು ಎಂದು ಅವಳೂ ಓದಿರಲಿಲ್ಲ, ಯಾವ ಹುಡುಗನೂ ಕೇಳಿರಲಿಲ್ಲ. ಹೆಸರು ಬರೆಸಿದಳು.

ಪಾಠ ಮಾಡುವವರು ಬ್ರೀಡ್ ಹೆಗಾರ್ಟಿ ಎಂಬ ಎಪ್ಪತ್ತಾರರ ಮುದುಕಿ. ಕಾನ್ವೆಂಟಿನಲ್ಲೂ ಆಮೇಲೆ ವಿಶ್ವವಿದ್ಯಾಲಯದಲ್ಲೂ ಗ್ರೀಕ್ ಕಲಿಸಿ ನಿವೃತ್ತರಾದವರು. ಎಡಗಿವಿಗೆ ಹಿಯರಿಂಗ್ ಏಡ್, ಕೈಯಲ್ಲಿ ತಮ್ಮದೇ ಚಹದ ಫ್ಲಾಸ್ಕು. ತರಗತಿಯಲ್ಲಿ ಒಂಬತ್ತು ಮಂದಿ. ಎಂಟು ಮಂದಿ ಕ್ಯಾಥೊಲಿಕ್ಕರು, ಇಲ್ಲವೇ ಒಂದು ಕಾಲದಲ್ಲಿ ಕ್ಯಾಥೊಲಿಕ್ಕರಾಗಿದ್ದವರು. ಒಂಬತ್ತನೆಯವಳು ರತ್ನಾ.

ಮೊದಲ ದಿನವೇ ಬ್ರೀಡ್ ಕೇಳಿದರು: "ರೋಮಿನ ಜನ ನಮ್ಮವರ ಮೇಲೆ ಯಾವ ಯಾವ ಆರೋಪ ಹೊರಿಸಿದ್ದರು, ಗೊತ್ತಾ?" ಯಾರಿಗೂ ಗೊತ್ತಿರಲಿಲ್ಲ. ಅವರೇ ಹೇಳಿದರು. ಒಂದು, ಇವರು ನಾಸ್ತಿಕರು: ಗುಡಿಯಿಲ್ಲ, ವಿಗ್ರಹವಿಲ್ಲ, ಬಲಿಯಿಲ್ಲ, ಹಾಗಾದರೆ ದೇವರೂ ಇಲ್ಲ. ಎರಡು, ಇವರು ಬಾಗಿಲು ಹಾಕಿಕೊಂಡು ಮನುಷ್ಯರ ಮಾಂಸ ತಿಂದು ರಕ್ತ ಕುಡಿಯುತ್ತಾರೆ. ಮೂರು, ಅಣ್ಣ ತಂಗಿ ಎಂದು ಕರೆದುಕೊಳ್ಳುವವರೇ ಮದುವೆಯೂ ಆಗುತ್ತಾರೆ.

ರತ್ನಾ ನಕ್ಕುಬಿಟ್ಟಳು. ಎಲ್ಲರೂ ತಿರುಗಿ ನೋಡಿದರು. "ಕ್ಷಮಿಸಿ. ವಿಗ್ರಹ ಇಟ್ಟುಕೊಂಡದ್ದಕ್ಕೆ ನಮ್ಮನ್ನು ಬೈಯುವವರನ್ನು ನೋಡಿದ್ದೆ. ಇಲ್ಲದ್ದಕ್ಕೆ ನಿಮ್ಮವರು ಬೈಸಿಕೊಂಡಿದ್ದರು ಅಂತ ಗೊತ್ತಿರಲಿಲ್ಲ" ಎಂದಳು. ಬ್ರೀಡ್ ಕೂಡ ನಕ್ಕರು. ಅಂದಿನಿಂದ ಇಬ್ಬರಿಗೂ ಸರಿಹೋಯಿತು.

ಆ ತತ್ವಜ್ಞಾನಿಗಳಲ್ಲಿ ರತ್ನಾಳಿಗೆ ಹಿಡಿಸಿದವನು ಒಬ್ಬ. ಪ್ಯಾಲೆಸ್ತೀನಿನ ಕಡೆಯಿಂದ ಬಂದು, ಒಂದೊಂದೇ ಗುರುವಿನ ಬಳಿ ಒಂದೊಂದೇ ದರ್ಶನ ಕಲಿತು, ಕೊನೆಗೆ ಕ್ರೈಸ್ತನಾಗಿ ರೋಮಿನಲ್ಲಿ ನೆಲೆಸಿದವನು. ಕ್ರೈಸ್ತನಾದ ಮೇಲೂ ತತ್ವಜ್ಞಾನಿಗಳು ಹೊದೆಯುವ ಬಟ್ಟೆಯನ್ನು ಅವನು ಬಿಡಲಿಲ್ಲ. ಚಕ್ರವರ್ತಿಗೇ ಒಂದು ಅರ್ಜಿ ಬರೆದ. ನಮ್ಮ ಹೆಸರು ಕೇಳಿ ನಮ್ಮನ್ನು ಶಿಕ್ಷಿಸಬೇಡಿ, ನಾವು ಮಾಡಿದ್ದನ್ನು ವಿಚಾರಿಸಿ. ತಪ್ಪಿದ್ದರೆ ಆ ತಪ್ಪಿಗೆ ಶಿಕ್ಷೆ ಕೊಡಿ ಎಂಬುದು ಅದರ ತಿರುಳು. ಅಷ್ಟೇ ಅಲ್ಲ, ಜನ ಏನೇನೋ ಊಹಿಸಿಕೊಳ್ಳುತ್ತಿದ್ದ ತಮ್ಮ ಭಾನುವಾರದ ಕೂಟದಲ್ಲಿ ಏನು ಓದುತ್ತೇವೆ, ಏನು ಹಂಚಿಕೊಳ್ಳುತ್ತೇವೆ ಎಂಬುದನ್ನು ಒಂದನ್ನೂ ಮುಚ್ಚಿಡದೆ ಬರೆದಿಟ್ಟ.

"ಕೊನೆಗೆ ಏನಾಯಿತು ಅವನಿಗೆ?" ಎಂದು ರತ್ನಾ ಕೇಳಿದಳು.

"ತಲೆ ಕಡಿದರು."

"ಹಾಗಾದರೆ ವಾದ ಸೋತಿತು."

"ಚಕ್ರವರ್ತಿ ಓದಿದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಾವು ಓದುತ್ತಿದ್ದೇವಲ್ಲ" ಎಂದರು ಬ್ರೀಡ್, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ.

ನಾಲ್ಕನೆಯ ಶನಿವಾರ ರತ್ನಾಳ ಸರದಿ ಬಂತು. ನಿಮ್ಮಲ್ಲಿ ವಾದ ಮಾಡುವವರ ಪದ್ಧತಿ ಹೇಗೆ ಎಂದು ಯಾರೋ ಕೇಳಿದ್ದರು. ಅವಳು ಎದ್ದು ಬೋರ್ಡಿನ ಬಳಿ ಹೋದಳು. ಆರು ವರ್ಷದ ಮೇಲೆ ಕೈಗೆ ಮಾರ್ಕರ್ ಬಂದಿತ್ತು. "ಮೊದಲು ಪೂರ್ವಪಕ್ಷ. ಅಂದರೆ ಎದುರಾಳಿಯ ವಾದ. ಅದನ್ನು ಅವನಿಗಿಂತ ಚೆನ್ನಾಗಿ ನಾನು ಹೇಳಬೇಕು. 'ಹೌದು, ಇದೇ ನನ್ನ ಮಾತು' ಅಂತ ಅವನು ತಲೆಯಾಡಿಸಬೇಕು. ಆಮೇಲೆ ನನ್ನ ಉತ್ತರ. ಪೂರ್ವಪಕ್ಷವನ್ನು ಸೊಟ್ಟಗೆ ಹೇಳಿದವನು ಬಾಯಿ ತೆರೆಯುವ ಮೊದಲೇ ಸೋತ ಹಾಗೆ." ಎಂಟು ಮಂದಿಯೂ ಬರೆದುಕೊಂಡರು. ಬ್ರೀಡ್ ಕೂಡ ಬರೆದುಕೊಂಡರು.

ಮನೆಗೆ ಬಂದಾಗ ಮಹಾದೇವ ಅನ್ನಕ್ಕೆ ಇಡುತ್ತಿದ್ದ. "ಲೋಹಿತ್ ಕೇಳ್ತಿದ್ದ, ನೀನು ಕ್ರಿಶ್ಚಿಯನ್ ಆಗ್ತಿದೀಯಾ ಅಂತ."

"ಆಗ್ತಿಲ್ಲ ಅಂತ ಹೇಳಿ. ವಕೀಲಿ ಕಲೀತಿದೀನಿ."

ಈ ಲೋಹಿತ್, ಸುತ್ತಲಿನ ಮೂವತ್ತು ಕನ್ನಡ ಕುಟುಂಬಗಳ ಕೂಟವನ್ನು ನಡೆಸುವವನು. ಮೈಸೂರಿನವನು, ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ತಿಂಗಳಿಗೊಂದು ಭಾನುವಾರ ಊರಿನ ಕಮ್ಯುನಿಟಿ ಹಾಲ್ ಬುಕ್ ಮಾಡಿ, ಭಜನೆ ಹಾಡಿ, ಬಿಸಿಬೇಳೆಬಾತ್ ಉಂಡು, ಕುರ್ಚಿಗಳನ್ನು ಜೋಡಿಸಿಟ್ಟು ಬರುವುದು ಅವರ ಪದ್ಧತಿ. ಏಪ್ರಿಲ್ ತಿಂಗಳ ಕೂಟಕ್ಕೆ ಆಕಾಶ್ ಎಂಬ ಹುಡುಗ ಮದುವೆಯಾಗಿ ಹೆಂಡತಿ ನಿಸರ್ಗಾಳನ್ನು ಮೊದಲ ಸಲ ಕರೆತಂದ. ಹೆಂಗಸರಿಗೆ ಹುರುಪು ಬಂತು. ಹಾಲಿನ ಬಾಗಿಲಲ್ಲೇ ಜೋಡಿಯನ್ನು ನಿಲ್ಲಿಸಿ, ಅರಿಶಿನ ಸುಣ್ಣ ಕಲಸಿದ ನೀರಿನಲ್ಲಿ ಆರತಿ ಎತ್ತಿ, ಆ ಕೆಂಪು ನೀರನ್ನು ಮೆಟ್ಟಿಲ ಅಂಚಿಗೆ ಚೆಲ್ಲಿದರು. ದೃಷ್ಟಿ ಕಳೆಯಿತು. ಎಲ್ಲರೂ ಒಳಗೆ ಹೋಗಿ ಹಾಡಿದರು, ಉಂಡರು. ಮೆಟ್ಟಿಲಿನ ಕಡೆ ಯಾರೂ ತಿರುಗಿ ನೋಡಲಿಲ್ಲ.

ಹತ್ತು ದಿನದ ಮೇಲೆ ಗಗನಾ ಸ್ಕೂಲಿನಿಂದ ಬಂದವಳೇ ಬ್ಯಾಗು ಬಿಸಾಕಿ ಕೇಳಿದಳು: "ಮಮ್, ಡು ವಿ ಕಿಲ್ ಚಿಕನ್ಸ್ ಇನ್ ದ ಹಾಲ್?"

"ಕೋಳಿನಾ? ಯಾರು ಹೇಳಿದ್ರು ನಿಂಗೆ?"

"ಎವ್ರಿವನ್." ಬಾಗಿಲ ಮೇಲೆಲ್ಲ ರಕ್ತ ಇತ್ತಂತೆ, ನಾವು ದೇವರಿಗೆ ಕೋಳಿ ಕೊಯ್ದು ರಕ್ತ ಚೆಲ್ಲುತ್ತೇವಂತೆ ಎಂದು ಹುಡುಗಿ ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಒಬ್ಬ ಗೆಳತಿಯ ತಾಯಿ ಹುಟ್ಟುಹಬ್ಬಕ್ಕೆ ಇವಳನ್ನು ಕರೆಯಬೇಡ ಎಂದಿದ್ದಳಂತೆ. ಅಷ್ಟು ಹೇಳಿ, ಪರವಾಗಿಲ್ಲ ಎನ್ನುವ ಅಲ್ಲಿನವರ ಧಾಟಿಯಲ್ಲೇ, "ಇಟ್ಸ್ ಗ್ರ್ಯಾಂಡ್, ಐ ಡೋಂಟ್ ಕೇರ್" ಎಂದು ಮಹಡಿ ಹತ್ತಿ ಬಾಗಿಲು ಹಾಕಿಕೊಂಡಳು.

ಮರುದಿನ ಲೋಹಿತನಿಗೆ ಹಾಲ್ ಕಮಿಟಿಯಿಂದ ಈಮೇಲ್ ಬಂತು. ಬಂದಿರುವ ದೂರುಗಳ ಹಿನ್ನೆಲೆಯಲ್ಲಿ ಮುಂದಿನ ಬುಕಿಂಗ್‌ಗಳನ್ನು ತಡೆಹಿಡಿಯಲಾಗಿದೆ. ಏನು ದೂರು, ಯಾರು ಕೊಟ್ಟರು ಎಂಬುದಿರಲಿಲ್ಲ.

ರತ್ನಾಳ ಅಡುಗೆಮನೆಯಲ್ಲಿ ಸಭೆ ಸೇರಿತು. "ಬಿಡಿ ಮೇಡಂ, ಬೇರೆ ಹಾಲ್ ನೋಡೋಣ. ಜಗಳ ಯಾಕೆ?" ಎಂದ ಲೋಹಿತ್. ಮಹಾದೇವನೂ ಅದನ್ನೇ ಹೇಳಿದ: "ನಮ್ಮದು ಪರ್ಮಿಟ್ ಮೇಲಿನ ಜೀವನ. ತಲೆ ತಗ್ಗಿಸಿಕೊಂಡು ಇರೋದು ಒಳ್ಳೇದು." ನಿಸರ್ಗಾ, ಪಾಪ, ತನ್ನಿಂದಲೇ ಹೀಗಾಯಿತೆಂದು ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು.

"ಬೇರೆ ಹಾಲಿಗೆ ಹೋದ್ರೆ ಕೋಳಿ ಕೊಯ್ದೋರು ಓಡಿಹೋದ್ರು ಅಂತಾರೆ" ಎಂದಳು ರತ್ನಾ. "ನನ್ನ ಮಗಳು ಇದೇ ಊರಿನ ಸ್ಕೂಲಿಗೆ ಹೋಗ್ಬೇಕು. ಅರ್ಜಿ ಬರೀತೀನಿ. ಅವರ ಎದುರಿಗೆ ನಿಂತು ಓದ್ತೀನಿ."

"ಅವರು ಇಲ್ಲ ಅಂದ್ರೆ?" ಮಹಾದೇವ ಕೇಳಿದ.

"ತಲೆ ಅಂತೂ ಕಡಿಯಲ್ಲ" ಎಂದಳು. ಈ ಮಾತು ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ಮೊದಲ ಅರ್ಜಿ ಎರಡೇ ಗಂಟೆಯಲ್ಲಿ ಸಿದ್ಧವಾಯಿತು. ಹರಿತವಾಗಿತ್ತು. ಅದರಲ್ಲಿ ಒಂದು ವಾಕ್ಯ ಅವಳಿಗೆ ತುಂಬ ಮೆಚ್ಚುಗೆಯಾಗಿತ್ತು: ಭಾನುವಾರಕ್ಕೊಮ್ಮೆ ರೊಟ್ಟಿ, ದ್ರಾಕ್ಷಾರಸದ ರೂಪದಲ್ಲಿ ತಮ್ಮ ದೇವರ ಮಾಂಸವನ್ನೇ ತಿನ್ನುತ್ತೇವೆ, ರಕ್ತವನ್ನೇ ಕುಡಿಯುತ್ತೇವೆ ಎನ್ನುವವರು ನಮ್ಮ ಅರಿಶಿನದ ನೀರಿಗೆ ಬೆಚ್ಚಿಬಿದ್ದದ್ದು ವಿಚಿತ್ರ. ಶನಿವಾರ ತರಗತಿ ಮುಗಿದ ಮೇಲೆ ಬ್ರೀಡ್ ಎದುರು ಓದಿದಳು. ಬ್ರೀಡ್ ಆ ವಾಕ್ಯಕ್ಕೆ ಮೇಜು ತಟ್ಟಿ ನಕ್ಕರು. ಕಣ್ಣೊರೆಸಿಕೊಂಡು ಹೇಳಿದರು:

"ಬಹಳ ಚೆನ್ನಾಗಿದೆ. ಇದನ್ನು ಓದಿದರೆ ವಾದ ಗೆಲ್ಲುತ್ತೀಯ, ಹಾಲ್ ಕಳೆದುಕೊಳ್ಳುತ್ತೀಯ. ತರಗತಿಯಲ್ಲಿ ಓದಿದ ನಮ್ಮ ಆ ಉತ್ತರ ಆಫ್ರಿಕಾದ ಕ್ರೈಸ್ತ ವಕೀಲ ನೆನಪಿದ್ದಾನಲ್ಲ, ಕತ್ತಿಯಂಥ ನಾಲಿಗೆಯವನು? ಅವನನ್ನು ಓದುವಾಗ ನಮಗೆ ಎಷ್ಟು ಖುಷಿ. ಆದರೆ ಅವನ ಮಾತು ಕೇಳಿ ಯಾವ ನ್ಯಾಯಾಧೀಶ ಮನಸ್ಸು ಬದಲಾಯಿಸಿದನೋ ನನಗಂತೂ ಗೊತ್ತಿಲ್ಲ."

ರತ್ನಾಳ ಮುಖ ಸಪ್ಪಗಾಯಿತು. ಬ್ರೀಡ್ ಬಿಡಲಿಲ್ಲ. "ಮತ್ತೆ ಇದರಲ್ಲಿ ನಿನ್ನ ಪೂರ್ವಪಕ್ಷ ಎಲ್ಲಿದೆ? ದೂರು ಕೊಟ್ಟವರು ಯಾರು, ಏನು ನೋಡಿದರು, ನಿನಗೆ ಗೊತ್ತಾ?"

ಗೊತ್ತಿರಲಿಲ್ಲ. ಹನ್ನೊಂದು ವರ್ಷ ತಾನು ಹೇಳಿಕೊಟ್ಟ ಮೊದಲನೆಯ ಪಾಠವನ್ನೇ ತಪ್ಪಿದ್ದೆ ಎಂದು ಅವಳಿಗೆ ನಾಚಿಕೆಯಾಯಿತು. ಆ ನಾಚಿಕೆಯೂ ಹೆಚ್ಚು ಹೊತ್ತು ಉಳಿಯಲಿಲ್ಲ. ಅದೇ ಮಧ್ಯಾಹ್ನ ಹಾಲಿನ ಕಡೆ ನಡೆದಳು.

ಹಾಲ್ ನೋಡಿಕೊಳ್ಳುವವನು ಡೆನ್ನಿ ಎಂಬ ಎಪ್ಪತ್ತರ ವಿಧುರ. ಹಿಂದಿನ ಬಾಗಿಲಲ್ಲಿ ಬಕೆಟ್ ತೊಳೆಯುತ್ತಿದ್ದ. ರತ್ನಾ ತಾನು ಯಾರೆಂದು ಹೇಳಿದಳು. ಅವನು ಎದ್ದು ನಿಂತ, ಕೈ ಕೊಡಲಿಲ್ಲ.

"ಆ ಸೋಮವಾರ ನೀವು ಏನು ನೋಡಿದಿರಿ ಅಂತ ಕೇಳೋಕೆ ಬಂದೆ. ಜಗಳಕ್ಕಲ್ಲ."

ಡೆನ್ನಿ ಬಕೆಟ್ ಪಕ್ಕಕ್ಕಿಟ್ಟ. ಆಮೇಲೆ ಹೇಳಿದ. ಬೆಳಿಗ್ಗೆ ಏಳಕ್ಕೆ ಬೀಗ ತೆಗೆಯಲು ಬಂದಿದ್ದ. ಮೆಟ್ಟಿಲ ಮೇಲೆ ಕೆಂಪು. ಮಂಡಿಯೂರಿ ಉಜ್ಜಿದ, ಹೋಗಲಿಲ್ಲ. ಸುಣ್ಣಕಲ್ಲಿನ ಮೆಟ್ಟಿಲು, ಅವನ ಅಪ್ಪ ಕೂರಿಸಿದ್ದು. ಅವನು ಹುಡುಗನಾಗಿದ್ದಾಗ ಕಸಾಯಿಖಾನೆಯಲ್ಲಿ ಕೆಲಸ ಮಾಡಿದ್ದವನು, ರಕ್ತದ ಕಲೆ ಹೇಗಿರುತ್ತದೆಂದು ಗೊತ್ತು ಎಂದುಕೊಂಡಿದ್ದ. "ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಮಂಡಿ ನೋವು ಬೇರೆ. ಯಾರಾದರೂ ಒಬ್ಬರು ಬಂದು, ಡೆನ್ನಿ, ಇದು ಇಂಥದು, ನಾವೇ ತೊಳೆಯುತ್ತೇವೆ ಅಂದಿದ್ದರೆ..."

"ಹೌದು, ಹೇಳಬೇಕಿತ್ತು" ಎಂದಳು ರತ್ನಾ.

ಎರಡನೆಯ ಅರ್ಜಿ ಬರೆಯಲು ನಾಲ್ಕು ದಿನ ಹಿಡಿಯಿತು. ಮೆಚ್ಚಿನ ವಾಕ್ಯವನ್ನು ತೆಗೆಯುವುದಕ್ಕೇ ಒಂದು ದಿನ. ಕೌಂಟರಿನಲ್ಲಿ ರೋಲ್ ಸುತ್ತುವಾಗಲೂ ವಾಕ್ಯಗಳನ್ನು ತಿದ್ದುತ್ತಿದ್ದಳು.

ಮೇ ತಿಂಗಳ ಒಂದು ಸಂಜೆ, ಇನ್ನೂ ಬಿಸಿಲಿರುವಾಗಲೇ, ಕಮಿಟಿ ಸೇರಿತು. ಏಳು ಮಂದಿ ಸದಸ್ಯರು, ಗೋಡೆಯುದ್ದಕ್ಕೂ ಊರಿನ ಹತ್ತಿಪ್ಪತ್ತು ಜನ. ಅಧ್ಯಕ್ಷ ಡೋನಲ್ ಟೂಮಿ ಹಾರ್ಡ್‌ವೇರ್ ಅಂಗಡಿಯವನು, ಆತುರದ ಮನುಷ್ಯ. ಕೂಟದಿಂದ ಹನ್ನೊಂದು ಮಂದಿ ಬಂದಿದ್ದರು. ಮಹಾದೇವ ಬಾಗಿಲ ಹತ್ತಿರವೇ ಕೂತ. ರತ್ನಾ ನೀಲಿ ಬಣ್ಣದ ಇಳಕಲ್ ಸೀರೆ ಉಟ್ಟಿದ್ದಳು, ಕಾಲೇಜಿಗೆ ಉಟ್ಟುಕೊಂಡು ಹೋಗುತ್ತಿದ್ದದ್ದು. ಕೋಟು ಹಾಕು ಎಂದು ಮಹಾದೇವ ಹೇಳಿದ್ದ. ಹಾಕಿರಲಿಲ್ಲ.

ಎದ್ದು ನಿಂತು ಓದಿದಳು. ಮೊದಲ ಪುಟವಿಡೀ ಡೆನ್ನಿಯ ಮಾತು. ಒಬ್ಬ ಮನುಷ್ಯ ಬೆಳಿಗ್ಗೆ ಬೀಗ ತೆಗೆಯಲು ಬಂದ; ತನ್ನ ಅಪ್ಪ ಕೂರಿಸಿದ ಕಲ್ಲಿನ ಮೇಲೆ ಕೆಂಪು ಕಂಡ; ಮಂಡಿಯೂರಿ ಉಜ್ಜಿದ; ಒಳಗೆ ಏನು ನಡೆಯಿತೆಂದು ಯಾರೂ ಅವನಿಗೆ ಎಂದೂ ಹೇಳಿರಲಿಲ್ಲ. ಅವನು ಹೆದರಿದ್ದು ಸರಿ. ಆ ಜಾಗದಲ್ಲಿ ನಾನಿದ್ದರೂ ಹೆದರುತ್ತಿದ್ದೆ. ಗೋಡೆ ಪಕ್ಕದಲ್ಲಿ ನಿಂತಿದ್ದ ಡೆನ್ನಿ ಮೆಲ್ಲಗೆ ತಲೆಯಾಡಿಸಿದ್ದನ್ನು ಅವಳು ಕಣ್ಣಂಚಿನಲ್ಲೇ ನೋಡಿದಳು. ಒಳಗೊಳಗೇ ಗಟ್ಟಿಯಾದಳು.

ಎರಡನೆಯ ಪುಟದಲ್ಲಿ ಭಾನುವಾರದ ಕೂಟ. ಎಷ್ಟು ಗಂಟೆಗೆ ಬರುತ್ತೇವೆ, ಯಾರು ಹಾಡುತ್ತಾರೆ, ಹಾಡಿನ ಅರ್ಥವೇನು, ಊಟಕ್ಕೆ ಏನಿರುತ್ತದೆ, ಏನಿರುವುದಿಲ್ಲ. ಹೊಸ ಮದುವಣಗಿತ್ತಿಯನ್ನು ಹೇಗೆ ಬರಮಾಡಿಕೊಳ್ಳುತ್ತೇವೆ. ಕಡೆಗೆ: "ನಾವು ಮಾಡಿದ್ದರಲ್ಲಿ ತಪ್ಪಿದ್ದರೆ ಆ ತಪ್ಪನ್ನು ಹೆಸರು ಹಿಡಿದು ಹೇಳಿ, ತಿದ್ದಿಕೊಳ್ಳುತ್ತೇವೆ. ನಾವು ಯಾರು ಎಂಬುದನ್ನೇ ತಪ್ಪು ಮಾಡಬೇಡಿ. ಇದು ನನ್ನ ಸ್ವಂತ ಬುದ್ಧಿಯ ಮಾತಲ್ಲ. ನಿಮ್ಮವರೇ ಹದಿನೆಂಟುನೂರು ವರ್ಷದ ಹಿಂದೆ ಚಕ್ರವರ್ತಿಗೆ ಕೇಳಿಕೊಂಡದ್ದು. ನಾನು ಸಾಲ ತಂದಿದ್ದೇನೆ."

ಹಿಂದಿನ ಸಾಲಿನಲ್ಲಿದ್ದ ಬ್ರೀಡ್ ಹಿಯರಿಂಗ್ ಏಡ್ ಸರಿಮಾಡಿಕೊಂಡರು.

"ಮಾತೇನೋ ಚೆನ್ನಾಗಿದೆ" ಎಂದ ಡೋನಲ್. "ಆದರೆ ಅದು ಅರಿಶಿನದ ನೀರು ಅನ್ನೋದಕ್ಕೆ ಪುರಾವೆ? ಅರಿಶಿನ ಹಳದಿ ಅಲ್ಲವಾ?"

ಅವಳು ಈ ಪ್ರಶ್ನೆಗೇ ಕಾದಿದ್ದಳು. ಚೀಲದಿಂದ ಗಾಜಿನ ಬಟ್ಟಲು ತೆಗೆದು ನೀರು ಸುರಿದು ಅರಿಶಿನ ಕದಡಿದಳು. ಹಳದಿ. ಎಲೆಅಡಿಕೆಯ ಸುಣ್ಣದ ಟ್ಯೂಬಿನಿಂದ ಕಡಲೆಕಾಳಿನಷ್ಟು ಸುಣ್ಣ ಹಾಕಿ ಬೆರಳಾಡಿಸಿದಳು. ನೀರು ಎಲ್ಲರ ಕಣ್ಣೆದುರೇ ಕೆಂಪಗಾಯಿತು. ಗೋಡೆ ಪಕ್ಕದ ಜನರೆಲ್ಲ ಮೇಜಿನ ಸುತ್ತ ಬಂದು ನಿಂತರು. "ಜೀಸಸ್, ಮೇರಿ ಅಂಡ್ ಜೋಸೆಫ್" ಎಂದಳು ಒಬ್ಬ ಹೆಂಗಸು.

ಡೆನ್ನಿ ಮುಂದೆ ಬಂದು ಬಟ್ಟಲಲ್ಲಿ ಬೆರಳದ್ದಿ, ಮೂಸಿ ನೋಡಿದ. "ಅದೇ ಬಣ್ಣ" ಎಂದ. ಆಮೇಲೆ ಕೇಳಿದ: "ಬ್ರೆಡ್ಡಿಗೆ ಹಾಕುವ ಅಡುಗೆ ಸೋಡಾ ಹಾಕಿದರೂ ಹೀಗೇ ಆಗುತ್ತಾ?"

"ಗೊತ್ತಿಲ್ಲ. ನೋಡೇಬಿಡೋಣ."

ಯಾರೋ ಹಾಲಿನ ಅಡುಗೆಮನೆಯಿಂದ ಡಬ್ಬಿ ತಂದರು. ಸೋಡಾ ಹಾಕಿದ ನೀರು ಅಷ್ಟು ಕೆಂಪಗಾಗದೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಆಗಲೇ ಸಭೆಯಲ್ಲಿ ಮೊದಲ ನಗು ಕೇಳಿಸಿದ್ದು.

ಡೋನಲ್ ಇನ್ಶೂರೆನ್ಸ್ ಬಗ್ಗೆ ಏನೋ ಹೇಳಲು ಹೊರಟ. ಡೆನ್ನಿ ಅಡ್ಡ ಬಂದ. "ದೂರು ಕೊಟ್ಟವನು ನಾನು, ಡೋನಲ್. ವಾಪಸ್ ತಗೋತೀನಿ. ಆದರೆ ಮೆಟ್ಟಿಲು ಅವರೇ ತೊಳೀಬೇಕು."

ಕೈ ಎತ್ತಿ ಮತ ಹಾಕಿದರು. ಐವರು ಪರ, ಇಬ್ಬರು ವಿರುದ್ಧ. ವಿರೋಧಿಸಿದವರಲ್ಲಿ ಡೋನಲ್ ಒಬ್ಬ. ಹೊರಗೆ ಬಂದಾಗ ಮಹಾದೇವ ಹೆಂಡತಿಯ ಚೀಲ ತಾನೇ ಹಿಡಿದುಕೊಂಡ. "ನಿನ್ನ ಕ್ಲಾಸ್ ನಾನು ಯಾವತ್ತೂ ಕೇಳಿರ್ಲಿಲ್ಲ ಅಲ್ವಾ" ಎಂದ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನು ಹೇಳಿದ ಅತಿ ದೊಡ್ಡ ಹೊಗಳಿಕೆ ಅದೇ ಎಂದು ಅವಳು ಈಗಲೂ ಹೇಳುತ್ತಾಳೆ. ಹುಟ್ಟುಹಬ್ಬಕ್ಕೆ ಕರೆಯದ ಆ ತಾಯಿ ಮಾತ್ರ ಬದಲಾಗಲಿಲ್ಲ. ಗಗನಾ ಬೇರೆ ಗೆಳತಿಯರನ್ನು ಹುಡುಕಿಕೊಂಡಳು.

ಮುಂದಿನ ವರ್ಷ ಕಮಿಟಿಯಲ್ಲಿ ಒಂದು ಜಾಗ ಖಾಲಿಯಾದಾಗ ರತ್ನಾಳನ್ನೇ ಸೇರಿಸಿಕೊಂಡರು. ಅವಳು ಕೂತ ಎರಡನೆಯ ಸಭೆಗೇ ಒಂದು ಅರ್ಜಿ ಬಂತು. ಬ್ರೆಜಿಲ್ ದೇಶದಿಂದ ಬಂದ ಇಪ್ಪತ್ತು ಕುಟುಂಬಗಳ ಪ್ರಾರ್ಥನಾ ಕೂಟ. ಭಾನುವಾರಗಳಂದು ಹಾಲ್ ಬೇಕು.

ಸುದ್ದಿ ತಿಳಿದು ಲೋಹಿತ್ ಮನೆಗೇ ಬಂದ. "ಮೇಡಂ, ಇದಕ್ಕೆ ನೀವು ಒಪ್ಪಬಾರದು. ಕಿರುಚಾಡ್ತಾರಂತೆ, ನೆಲದ ಮೇಲೆ ಬಿದ್ದು ಹೊರಳಾಡ್ತಾರಂತೆ. ನಮ್ಮ ಮಕ್ಕಳನ್ನ ಕನ್ವರ್ಟ್ ಮಾಡ್ತಾರಂತೆ."

"ನೀನು ನೋಡಿದೀಯಾ?"

"ನೋಡೋದೇನು ಮೇಡಂ, ಎಲ್ರೂ ಹೇಳ್ತಾರೆ."

"ಲೋಹಿತ್, ಒಂದು ವರ್ಷದ ಹಿಂದೆ ನಾವು ಕೋಳಿ ಕೊಯ್ತೀವಂತೆ ಅಂತ ಎಲ್ರೂ ಹೇಳಿದ್ರು. ಅಂತೆ ಕಂತೆ ಎಲ್ಲಾ ಪ್ರಮಾಣ ಆದ್ರೆ ನಾವಿಬ್ರೂ ಇವತ್ತು ಈ ಊರಲ್ಲಿ ಇರ್ತಿರ್ಲಿಲ್ಲ."

"ಅದೇ ಬೇರೆ, ಇದೇ ಬೇರೆ."

ಅವನಿಗೆ ಎರಡೂ ಬೇರೆಯಾಗಿಯೇ ಕಾಣುತ್ತಿತ್ತು, ನಿಜವಾಗಿ. ಅದನ್ನು ನೋಡಿ ರತ್ನಾಳಿಗೆ ಸಿಟ್ಟು ಬರಲಿಲ್ಲ, ಬ್ರೀಡ್ ಹೇಳಿದ್ದ ಕೊನೆಯ ಪಾಠ ನೆನಪಾಯಿತು. ಅಂದು ರೋಮಿನ ಚಕ್ರವರ್ತಿಯ ಮುಂದೆ ಅರ್ಜಿ ಹಿಡಿದು ನಿಂತವರ ಮಕ್ಕಳ ಮೊಮ್ಮಕ್ಕಳ ಕೈಗೆ ರಾಜ್ಯ ಬಂದಾಗ, ಅವರೇ ಬೇರೆಯವರ ಗುಡಿಗಳ ಬಾಗಿಲು ಮುಚ್ಚಿಸಿದರು ಎಂದು ಆ ಮುದುಕಿ ಒಂದು ಮಾತನ್ನೂ ತೇಲಿಸದೆ ಹೇಳಿದ್ದರು.

ಬ್ರೆಜಿಲ್ಲಿನವರು ಆಗ ಪಕ್ಕದ ಊರಿನ ಒಂದು ಗೋದಾಮಿನಲ್ಲಿ ಸೇರುತ್ತಿದ್ದರು. ಮುಂದಿನ ಭಾನುವಾರ ರತ್ನಾ ಅಲ್ಲಿಗೇ ಹೋಗಿ, ಎಡ್ಸನ್ ಎಂಬ ಅವರ ಪಾದ್ರಿಗೆ ಹೆಸರು ಹೇಳಿ, ಹಿಂದಿನ ಕುರ್ಚಿಯಲ್ಲಿ ಕೂತಳು. ಎಡ್ಸನ್ ವಾರದ ಉಳಿದ ದಿನ ಎಲೆಕ್ಟ್ರಿಷಿಯನ್. ಎರಡು ಗಂಟೆ ಗಿಟಾರು, ಡ್ರಮ್ಮು, ಚಪ್ಪಾಳೆ. ಒಬ್ಬ ಹೆಂಗಸು ಮಂಡಿಯೂರಿ ಬಿಕ್ಕಿ ಬಿಕ್ಕಿ ಅತ್ತಳು. ಅವಳ ತಾಯಿ ಊರಲ್ಲಿ ತೀರಿಕೊಂಡಿದ್ದಳು, ಹೋಗಲು ಆಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಮಕ್ಕಳು ಮೇಜಿನ ಕೆಳಗೆ ಕೇಕ್ ತಿನ್ನುತ್ತಿದ್ದರು. ರತ್ನಾಳಿಗೆ ತಲೆನೋವು ಬಂತು. ಅವರ ಮಾತುಗಳಲ್ಲಿ ಅರ್ಧವನ್ನು ಅವಳು ಒಪ್ಪುವಂತಿರಲಿಲ್ಲ. ಆದರೂ ಕೊನೆಯವರೆಗೆ ಕೂತು, ಕೊಟ್ಟ ಕಾಫಿ ಕುಡಿದು, ನಾಲ್ಕು ಪ್ರಶ್ನೆ ಕೇಳಿ ಬಂದಳು.

ಕಮಿಟಿಯಲ್ಲಿ ಅವಳ ವರದಿ ಚಿಕ್ಕದಿತ್ತು: "ಸದ್ದು ಜಾಸ್ತಿ. ಬೇರೆ ಯಾವ ದೋಷವನ್ನೂ ನಾನು ಕಾಣಲಿಲ್ಲ. ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಬೆಳಿಗ್ಗೆ ಹನ್ನೊಂದರ ಮೇಲೆ ಕೊಡಬಹುದು." ಡೋನಲ್ ಈ ಸಲವೂ ವಿರೋಧಿಸಿದ. "ನೀನಾದರೂ ಎಲ್ಲರಿಗೂ ಒಂದೇ ಥರ ಇದ್ದೀಯಲ್ಲ" ಎಂದಳು ರತ್ನಾ. ಡೋನಲ್ ಕೂಡ ನಕ್ಕ. ಅರ್ಜಿ ಪಾಸಾಯಿತು.

ಲೋಹಿತ್ ಇನ್ನೂ ಒಪ್ಪಿಲ್ಲ. ಸಿಕ್ಕಾಗಲೆಲ್ಲ ಆ ಮಾತು ತೆಗೆಯುತ್ತಾನೆ. ರತ್ನಾ ಅವನ ವಾದವನ್ನು ಪೂರ್ತಿ ಕೇಳಿ, ಅವನಿಗಿಂತ ಚೆನ್ನಾಗಿ ಅದನ್ನೇ ತಿರುಗಿ ಹೇಳಿ, ಆಮೇಲೆ ಉತ್ತರ ಕೊಡುತ್ತಾಳೆ. ಅದರಿಂದ ಅವನಿಗೆ ಇನ್ನಷ್ಟು ಸಿಟ್ಟು. ಭಜನೆಗೆ ಮಾತ್ರ ಒಂದು ತಿಂಗಳೂ ತಪ್ಪಿಸಿಲ್ಲ.

ಕಳೆದ ಸೆಪ್ಟೆಂಬರಿನಿಂದ ರತ್ನಾ ವಯಸ್ಕರ ಶಿಕ್ಷಣ ಕೇಂದ್ರವೊಂದರಲ್ಲಿ ವಾರಕ್ಕೆರಡು ಮಧ್ಯಾಹ್ನ ತರ್ಕ ಹೇಳಿಕೊಡುತ್ತಿದ್ದಾಳೆ. ಬ್ರೀಡ್ ಹೆಗಾರ್ಟಿ ಬರೆದುಕೊಟ್ಟ ಶಿಫಾರಸು ಒಂದೇ ಸಾಲಿನದು: "ಈಕೆಯ ತರಗತಿಯಲ್ಲಿ ನಾನು ಕೂರುತ್ತೇನೆ." ಕೂರುತ್ತಿದ್ದಾರೆ ಕೂಡ, ಮೊದಲ ಸಾಲಿನಲ್ಲೇ.